ಹೊಸ ವಾಹನಕ್ಕೆ ಹಳೆಯ ಗಾಲಿ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಕಾರನ್ನು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದನು. ಕಾರು ಹೊಸದು, ಗಾಲಿಗಳು ಮಾತ್ರ ಹಳೆಯವು. ಅದೇ ಕಂಪೆನಿಯವರು ಇಪ್ಪತ್ತು ವರ್ಷಗಳ ಹಿಂದೆ ತಯಾರಿಸಿದ ಕಾರೊಂದರಿಂದ ಬಿಚ್ಚಿದ ನಾಲ್ಕು ಗಾಲಿಗಳನ್ನು ಆತನು ಗುಜರಿ ಅಂಗಡಿಯಲ್ಲಿ ಕೊಂಡು, ಉಜ್ಜಿ, ಬಣ್ಣ ಬಳಿದು ಹಾಕಿಸಿದ್ದನು. ಅವು ನೋಡಲು ನಿಜವಾಗಿಯೂ ಚೆಲುವಾಗಿದ್ದವು.

"ಸಾರ್, ಗಂಟೆಗೆ 60 ಕಿಲೋಮೀಟರು ದಾಟಿದೊಡನೆ ಸ್ಟೀರಿಂಗು ನಡುಗುತ್ತದೆ. ಎರಡು ಸಲ ನಟ್ಟುಗಳು ಸಡಿಲವಾಗಿದ್ದವು. ಆದರೆ ಗಾಲಿಯಲ್ಲಿ ದೋಷವಿರಲಾರದು, ಅವು ಕಂಪೆನಿಯವೇ ಗಾಲಿಗಳು" ಎಂದನು.

ಆತನ ಈ ಕೊನೆಯ ಮಾತೇ ಪ್ರಸ್ತುತ ಲೇಖನಕ್ಕೆ ಕಾರಣವಾಯಿತು. ಹಳೆಯ ಮಾದರಿಯ ಗಾಲಿಗಳನ್ನು ಹೊಸ ವಾಹನಗಳಿಗೆ ತೊಡಿಸುವ ಹವ್ಯಾಸ ಇಂದು ತರುಣರಲ್ಲಿ ಹಬ್ಬಿದೆ. ಅದನ್ನು ನಾವು ಹಳಿಯುವುದಿಲ್ಲ. ಹಳೆಯ ವಸ್ತುವಿನ ಅಂದವನ್ನು ಮೆಚ್ಚುವುದು ಒಳ್ಳೆಯ ಗುಣವೇ; ಬಳಸಬಹುದಾದ ಗಾಲಿಯನ್ನು ಕರಗಿಸದೆ ಮತ್ತೆ ಬಳಸುವುದು ಮಿತವ್ಯಯವೂ ಹೌದು. ನಮ್ಮ ಆಕ್ಷೇಪವಿರುವುದು "ಕಂಪೆನಿಯದೇ ಗಾಲಿ" ಎಂಬ ತರ್ಕಕ್ಕೆ. ಕಾರ್ಖಾನೆಯಲ್ಲಿ ತಯಾರಾದುದು ಎಂಬುದು ಒಂದು ಪ್ರಮಾಣಪತ್ರವೇ ಸರಿ. ಆದರೆ ಅದು ಬೇರೊಂದು ವಾಹನಕ್ಕೆ, ಬೇರೊಂದು ಭಾರಕ್ಕೆ ಕೊಟ್ಟ ಪ್ರಮಾಣಪತ್ರ. ಭೌತವಿಜ್ಞಾನದ ಯಾವ ನಿಯಮವೂ ತನ್ನ ನಿಬಂಧನೆಗಳಿಂದ ಹೊರಗೆ ಸಲ್ಲುವುದಿಲ್ಲವೆಂದು ನಾವು ತರಗತಿಯಲ್ಲಿ ದಿನವೂ ಹೇಳುತ್ತೇವೆ. ಆ ಮಾತು ಗಾಲಿಗೂ ಅನ್ವಯಿಸುತ್ತದೆ.

ಎತ್ತಿನ ಬಂಡಿಯ ಕಾಲದಲ್ಲಿಯೂ ಇದು ಹೀಗೆಯೇ ಇತ್ತು. ಒಂದು ಬಂಡಿಯ ಚಕ್ರವನ್ನು ಇನ್ನೊಂದಕ್ಕೆ ಹಾಕಬೇಕಾದಾಗ ಊರಿನ ಬಡಗಿ ಮೊದಲು ಅಚ್ಚಿನ ದಪ್ಪವನ್ನು ನೋಡುತ್ತಿದ್ದನು, ಆಮೇಲೆ ಕಡೆಗೀಲನ್ನು ನೋಡುತ್ತಿದ್ದನು. ಚಕ್ರ ಅಚ್ಚಿನೊಳಗೆ ಹೋಯಿತೆಂಬಷ್ಟಕ್ಕೆ ಆತನು ತೃಪ್ತನಾಗುತ್ತಿರಲಿಲ್ಲ. ಬಂಡಿಯ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರು. ಅದರ ಇಪ್ಪತ್ತು ಪಾಲು ವೇಗದಲ್ಲಿ ಓಡುವ ವಾಹನದ ವಿಷಯದಲ್ಲಿ ನಾವು ಬಡಗಿಗಿಂತ ಕಡಮೆ ಎಚ್ಚರದಿಂದಿರುವುದು ಯಾವ ನ್ಯಾಯ?

ಗಾಲಿಯು ವಾಹನಕ್ಕೆ ಕೂಡುವ ಬಗೆಯನ್ನು ಮೊದಲು ನೋಡೋಣ. ಅಚ್ಚಿನ ತುದಿಯಲ್ಲಿ ಹಬ್ ಎಂಬ ಉಕ್ಕಿನ ತಟ್ಟೆಯೊಂದಿರುತ್ತದೆ. ಅದರಿಂದ ನಾಲ್ಕೋ ಐದೋ ಆರೋ ಬೋಲ್ಟುಗಳು ಹೊರಚಾಚಿರುತ್ತವೆ. ಇವುಗಳ ನಡುಬಿಂದುಗಳನ್ನು ಕೂಡಿಸಿದರೆ ಒಂದು ವೃತ್ತವಾಗುತ್ತದೆ. ಈ ವೃತ್ತದ ವ್ಯಾಸವೇ ಮೊದಲನೆಯ ಅಳತೆ. ಹಬ್‌ನ ನಡುವೆ ಉಬ್ಬಿದ ದುಂಡು ಭಾಗದ ಮೇಲೆ ಗಾಲಿಯ ನಡುರಂಧ್ರ ಬಂದು ಕೂಡುತ್ತದೆ. ಆ ರಂಧ್ರದ ವ್ಯಾಸ ಎರಡನೆಯ ಅಳತೆ. ಗಾಲಿಯ ಅಗಲದ ನಡುರೇಖೆಗೂ ಹಬ್‌ಗೆ ಒತ್ತಿಕೊಳ್ಳುವ ಅದರ ಮುಖಕ್ಕೂ ಇರುವ ದೂರ ಮೂರನೆಯದು. ಇದನ್ನು ಆಫ್‌ಸೆಟ್ ಎನ್ನುತ್ತಾರೆ. ನಟ್ಟು ಕೂರುವ ಕುಳಿಯ ಆಕಾರ ನಾಲ್ಕನೆಯದು. ಗಾಲಿ ಹೊರಬಲ್ಲ ಭಾರ ಐದನೆಯದು. ಈ ಐದೂ ಕೂಡಿಬಂದರೆ ಮಾತ್ರ ಗಾಲಿಯು ವಾಹನಕ್ಕೆ ಒಪ್ಪಿತು ಎನ್ನಬಹುದು.

ಇದಕ್ಕೆ ಅಮೆರಿಕದ ಜೀಪ್ ವಾಹನ ಒಳ್ಳೆಯ ನಿದರ್ಶನ. ಜೀಪ್ ಎಂಬ ಹೆಸರು ನಮ್ಮವರಿಗೆ ಹೊಸದಲ್ಲ; ವಿಲ್ಲಿಸ್ ಕಂಪೆನಿಯ ಜೀಪುಗಳನ್ನು 1947ರಲ್ಲಿ ಮಹೀಂದ್ರ ಸಂಸ್ಥೆ ಭಾರತದಲ್ಲಿ ಜೋಡಿಸತೊಡಗಿತು. ಎರಡನೆಯ ಮಹಾಯುದ್ಧದ ಆ ಮೂಲ ಜೀಪಿನ ಐದು ಬೋಲ್ಟುಗಳು ಐದೂವರೆ ಇಂಚಿನ, ಎಂದರೆ 139.7 ಮಿಲಿಮೀಟರಿನ ವೃತ್ತದಲ್ಲಿದ್ದವು. ಅದರ ವಂಶದ ರಾಂಗ್ಲರ್ ಎಂಬ ವಾಹನದಲ್ಲಿ, 1997ರಿಂದ 2006ರ ವರೆಗಿನ ಟಿಜೆ ಮಾದರಿಗೆ ಈ ವೃತ್ತ 114.3 ಮಿಲಿಮೀಟರು. 2007ರಲ್ಲಿ ಬಂದ ಜೆಕೆ ಮಾದರಿಗೂ, 2018ರ ಮಾದರಿಯಾಗಿ ಬಂದ ಜೆಎಲ್‌ಗೂ ಅದು 127 ಮಿಲಿಮೀಟರು. ಹೆಸರು ಒಂದೇ, ಮುಖವೂ ಹೆಚ್ಚುಕಡಮೆ ಒಂದೇ, ಬೋಲ್ಟುಗಳ ಸಂಖ್ಯೆಯೂ ಐದೇ. ಆದರೆ ವೃತ್ತಗಳು ಮೂರು.

ಐದು ಬೋಲ್ಟುಗಳಿರುವಲ್ಲಿ ವ್ಯಾಸವನ್ನು ನೇರವಾಗಿ ಅಳೆಯಲು ಬಾರದು, ಏಕೆಂದರೆ ಯಾವ ಬೋಲ್ಟಿನ ಎದುರಿಗೂ ಇನ್ನೊಂದು ಬೋಲ್ಟು ಇರುವುದಿಲ್ಲ. ಇಲ್ಲಿ ಹೈಸ್ಕೂಲಿನ ತ್ರಿಕೋನಮಿತಿ ನೆರವಿಗೆ ಬರುತ್ತದೆ. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಬಿಂದುಗಳ ದೂರವನ್ನು ಅಳೆದು, ಅದನ್ನು 36 ಡಿಗ್ರಿಯ ಸೈನ್ ಬೆಲೆಯಾದ 0.588ರಿಂದ ಭಾಗಿಸಿದರೆ ವೃತ್ತದ ವ್ಯಾಸ ದೊರೆಯುತ್ತದೆ. ಟಿಜೆ ಗಾಲಿಯಲ್ಲಿ ಈ ದೂರ 67.2 ಮಿಲಿಮೀಟರು, ಜೆಎಲ್‌ನಲ್ಲಿ 74.7. ವ್ಯತ್ಯಾಸ ಏಳೂವರೆ ಮಿಲಿಮೀಟರಿನಷ್ಟಿರುವುದರಿಂದ ಟಿಜೆ ಗಾಲಿ ಜೆಎಲ್‌ನ ಬೋಲ್ಟುಗಳ ಮೇಲೆ ಹೋಗುವುದೇ ಇಲ್ಲ. ಇದು ಅದೃಷ್ಟವೆನ್ನಬೇಕು. ಅಪಾಯವಿರುವುದು ಹೋಗದ ಗಾಲಿಯಲ್ಲಲ್ಲ, ಹೋದಂತೆ ತೋರುವ ಗಾಲಿಯಲ್ಲಿ.

ಉದಾಹರಣೆಗೆ, ಇಟಲಿಯ ಫಿಯಟ್ ಕಾರುಗಳಲ್ಲಿ ನಾಲ್ಕು ಬೋಲ್ಟುಗಳ 98 ಮಿಲಿಮೀಟರಿನ ವೃತ್ತ ಬಹುಕಾಲದಿಂದ ಬಳಕೆಯಲ್ಲಿದೆ. ಇತರ ಅನೇಕ ಸಣ್ಣ ಕಾರುಗಳಲ್ಲಿ ಅದು 100 ಮಿಲಿಮೀಟರು. ವ್ಯಾಸದಲ್ಲಿ 2, ತ್ರಿಜ್ಯದಲ್ಲಿ ಒಂದೇ ಮಿಲಿಮೀಟರಿನ ಭೇದ. ಬಲವಂತದಿಂದ ತಿರುಗಿಸಿದರೆ ನಟ್ಟುಗಳು ಏರಿಬಿಡುತ್ತವೆ. ಆದರೆ ಪ್ರತಿಯೊಂದು ಬೋಲ್ಟೂ ಸ್ವಲ್ಪ ಓರೆಯಾಗಿ ಬಾಗಿ, ಗಾಲಿಯ ಪ್ರತಿ ಸುತ್ತಿನಲ್ಲಿಯೂ ತೇಯುತ್ತ ಬಳಲುತ್ತದೆ. ಕಣ್ಣಿಗೆ ಒಂದು ಮಿಲಿಮೀಟರು ಏನೂ ಅಲ್ಲ. ಉಕ್ಕಿಗೆ ಅದು ಬಹಳ.

ನಡುರಂಧ್ರದ ವಿಷಯವೂ ಹೀಗೆಯೇ. ಜರ್ಮನಿಯ ಬಿಎಂಡಬ್ಲ್ಯು ಕಾರುಗಳಲ್ಲಿ ಹಲವು ದಶಕಗಳ ಕಾಲ ಐದು ಬೋಲ್ಟುಗಳ 120 ಮಿಲಿಮೀಟರಿನ ವೃತ್ತವೇ ಇತ್ತು. ಆದರೆ 1995ರಲ್ಲಿ ಬಂದ ಇ39 ಎಂಬ ಮಾದರಿಯ ಗಾಲಿಗಳ ನಡುರಂಧ್ರ 74.1 ಮಿಲಿಮೀಟರು, ಅದರ ಸೋದರ ಮಾದರಿಗಳಲ್ಲಿ 72.6. ಆ ಗಾಲಿಯನ್ನು ಸೋದರ ಕಾರಿಗೆ ತೊಡಿಸಿದರೆ ಬೋಲ್ಟುಗಳೆಲ್ಲ ಸರಿಯಾಗಿ ಕೂಡುತ್ತವೆ. ಆದರೆ ನಡುವೆ ಒಂದೂವರೆ ಮಿಲಿಮೀಟರಿನ ಸಡಿಲು ಉಳಿಯುತ್ತದೆ. ಆ ಸಡಿಲನ್ನು ತುಂಬುವ ತೆಳುವಾದ ಬಳೆಯನ್ನು ಹಾಕದಿದ್ದರೆ ಗಾಲಿ ತನ್ನ ನಿಜವಾದ ಕೇಂದ್ರದ ಸುತ್ತ ತಿರುಗುವುದೆಂಬ ಭರವಸೆಯಿಲ್ಲ.

ನಮ್ಮ ವಿದ್ಯಾರ್ಥಿಯ ಕಾರಿಗೆ ಇದೇ ಬಗೆಯ ರೋಗ ತಗಲಿತ್ತು. ನಾವು ಪ್ರಯೋಗಶಾಲೆಯಿಂದ ವರ್ನಿಯರ್ ಮಾಪಕವನ್ನು ತರಿಸಿ ಅಳೆದಾಗ ನಡುರಂಧ್ರವು ಹಬ್‌ಗಿಂತ 2 ಮಿಲಿಮೀಟರು ದೊಡ್ಡದೆಂದು ತಿಳಿಯಿತು. ಎಂದರೆ ಗಾಲಿಯು ಕೇಂದ್ರದಿಂದ 1 ಮಿಲಿಮೀಟರಿನ ವರೆಗೆ ಸರಿದು ಕೂರಬಹುದು. ಟೈರು ಸಹಿತ ಗಾಲಿಯ ತೂಕ 18 ಕಿಲೋಗ್ರಾಂ, ಟೈರಿನ ಸುತ್ತಳತೆ 2 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಗಾಲಿ ಸೆಕೆಂಡಿಗೆ ಎಂಟು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಈ ಒಂದು ಮಿಲಿಮೀಟರಿನ ತಪ್ಪಿನಿಂದ ಹುಟ್ಟುವ ಕೇಂದ್ರಾಪಗಾಮಿ ಬಲ ಸುಮಾರು 49 ನ್ಯೂಟನ್, ಎಂದರೆ 5 ಕಿಲೋಗ್ರಾಂ ತೂಕದಷ್ಟು. ಬಲವು ವೇಗದ ವರ್ಗದೊಡನೆ ಏರುವುದರಿಂದ 100 ಕಿಲೋಮೀಟರಿನಲ್ಲಿ ಅದು 14 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಸೆಕೆಂಡಿಗೆ ಹದಿನಾಲ್ಕು ಬಾರಿ 14 ಕಿಲೋಗ್ರಾಂ ತೂಕದ ಎಳೆತ ಅಚ್ಚಿನ ತುದಿಗೆ ತಾಗಿದರೆ ಸ್ಟೀರಿಂಗು ನಡುಗದೆ ಇನ್ನೇನು ಮಾಡೀತು?

ನಟ್ಟುಗಳು ಸಡಿಲವಾದುದೇಕೆ ಎಂಬ ಪ್ರಶ್ನೆ ಉಳಿಯಿತು. ಗಾಲಿಯು ಬೋಲ್ಟುಗಳ ಮೇಲೆ ಗೂಟಕ್ಕೆ ಅಂಗಿ ತೂಗುಹಾಕಿದಂತೆ ತೂಗಿರುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಗಾಲಿಯನ್ನು ಹಿಡಿದಿರುವುದು ಘರ್ಷಣೆ. 12 ಮಿಲಿಮೀಟರಿನ ಬೋಲ್ಟಿಗೆ 120 ನ್ಯೂಟನ್-ಮೀಟರಿನಷ್ಟು ಬಿಗಿ ಕೊಟ್ಟರೆ, ಎಂಜಿನಿಯರುಗಳ ಸಾಮಾನ್ಯ ಸೂತ್ರದಂತೆ, ಅದು ಸುಮಾರು 50,000 ನ್ಯೂಟನ್ ಬಲದಿಂದ ಗಾಲಿಯನ್ನು ಹಬ್‌ಗೆ ಒತ್ತುತ್ತದೆ. ಐದು ಬೋಲ್ಟುಗಳಿಂದ 2,50,000 ನ್ಯೂಟನ್. ಘರ್ಷಣಾಂಕ 0.15 ಎಂದರೂ 37,500 ನ್ಯೂಟನ್‌ವರೆಗೆ ಗಾಲಿ ಜಾರುವುದಿಲ್ಲ. ಒಂದೂವರೆ ಟನ್ನಿನ ಕಾರಿನಲ್ಲಿ ಒಂದು ಗಾಲಿಯ ಮೇಲಿನ ಭಾರ ಸುಮಾರು 3,700 ನ್ಯೂಟನ್ ಮಾತ್ರ. ಎಂದರೆ ಹತ್ತರಷ್ಟು ಭದ್ರತೆಯಿದೆ. ಆದರೆ ಈ ಭದ್ರತೆಯೆಲ್ಲವೂ ನಟ್ಟು ತನ್ನ ಕುಳಿಯಲ್ಲಿ ಪೂರ್ತಿಯಾಗಿ ಕೂತಿದೆ ಎಂಬ ನಿಬಂಧನೆಯ ಮೇಲೆ ನಿಂತಿದೆ.

ಕುಳಿಗಳ ಆಕಾರ ಎಲ್ಲೆಡೆಯೂ ಒಂದೇ ಅಲ್ಲ. ಕೆಲವು ಗಾಲಿಗಳಲ್ಲಿ ಅದು 60 ಡಿಗ್ರಿಯ ಶಂಕುವಿನಂತೆ. ಹೋಂಡಾ ಕಾರ್ಖಾನೆಯ ಗಾಲಿಗಳಲ್ಲಿ ಗೋಳದಂತೆ. ಟೊಯೋಟದ ಅನೇಕ ಹಳೆಯ ಅಲಾಯ್ ಗಾಲಿಗಳಲ್ಲಿ ಚಪ್ಪಟೆಯಾದ ವಾಷರಿಗೆ ತಕ್ಕಂತೆ. ಗೋಳದ ಕುಳಿಯೊಳಗೆ ಶಂಕುವಿನ ನಟ್ಟನ್ನು ತಿರುಗಿಸಿದರೆ ಅವೆರಡೂ ತಾಗುವುದು ಒಂದು ತೆಳ್ಳನೆಯ ಗೆರೆಯಲ್ಲಿ ಮಾತ್ರ. ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಓಡಿದಂತೆಲ್ಲ ಮೆತ್ತನೆಯ ಅಲ್ಯೂಮಿನಿಯಂ ಆ ಗೆರೆಯಲ್ಲಿ ನಲುಗಿ ತಗ್ಗುತ್ತದೆ. ಬೋಲ್ಟಿನ ಎಳೆತ ಇಳಿಯುತ್ತದೆ. ಎಳೆತದೊಡನೆ ಘರ್ಷಣೆಯೂ ಇಳಿಯುತ್ತದೆ. ನಮ್ಮ ವಿದ್ಯಾರ್ಥಿಯು ಹೊಸ ಕಾರಿನ ಶಂಕುವಿನ ನಟ್ಟುಗಳನ್ನು ಹಳೆಯ ಗಾಲಿಯ ಗೋಳದ ಕುಳಿಗಳಿಗೆ ಹಾಕಿಸಿದ್ದನು. ಎರಡು ಸಲ ಸಡಿಲವಾದುದು ಆತನಿಗೆ ದೊರೆತ ಎಚ್ಚರಿಕೆ. ಮೂರನೆಯ ಸಲ ಎಚ್ಚರಿಕೆಯಾಗಿಯೇ ಬರುತ್ತಿತ್ತೆಂದು ಹೇಳಲು ಯಾರಿಂದ ಸಾಧ್ಯ?

ಇನ್ನು ಆಫ್‌ಸೆಟ್‌ನ ವಿಷಯ. ಸ್ಟೀರಿಂಗು ತಿರುಗಿಸಿದಾಗ ಮುಂದಿನ ಗಾಲಿ ಓರೆಯಾದ ಒಂದು ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ತಳದ ನಡುವಿಗೂ ಸ್ವಲ್ಪ ಅಂತರವಿರುತ್ತದೆ. 1972ರಲ್ಲಿ ಬಂದ ಆಡಿ 80 ಕಾರಿನಲ್ಲಿ ಎಂಜಿನಿಯರುಗಳು ಅಕ್ಷದ ಬಿಂದುವನ್ನು ಟೈರಿನ ನಡುವಿಗಿಂತ ಹೊರಗೆ ಬರುವಂತೆ ಇಟ್ಟರು. ಇದರಿಂದ ಒಂದು ಬದಿಯ ಬ್ರೇಕು ಹಿಡಿಯದೆ ಹೋದರೂ, ಹಿಡಿದ ಬದಿಯ ಗಾಲಿ ತಾನಾಗಿಯೇ ಸ್ವಲ್ಪ ತಿರುಗಿ, ಕಾರು ಪಕ್ಕಕ್ಕೆ ಎಳೆಯದಂತೆ ತಡೆಯುತ್ತದೆ. ಅನಂತರದ ಅನೇಕ ಕಾರುಗಳು ಈ ಉಪಾಯವನ್ನು ಅನುಸರಿಸಿವೆ. ಈ ಅಂತರ ಕೆಲವೇ ಮಿಲಿಮೀಟರುಗಳದು. ಹಳೆಯ ಗಾಲಿಯ ಆಫ್‌ಸೆಟ್ 20 ಮಿಲಿಮೀಟರು ಕಡಮೆಯಿದ್ದರೆ ಟೈರು ಅಷ್ಟೇ ದೂರ ಹೊರಕ್ಕೆ ಸರಿದು, ಅಕ್ಷದ ಬಿಂದು ಒಳಗಾಗಿಬಿಡುತ್ತದೆ. ಕಾಪಾಡಲೆಂದು ಇಟ್ಟ ಏರ್ಪಾಡು ತಿರುಗಿಬೀಳುತ್ತದೆ. ಸಾಮಾನ್ಯ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಮ್ಮೆ ಬ್ರೇಕನ್ನು ಒತ್ತಿ ಹಿಡಿಯಬೇಕಾದ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಟಿಜೆ ಗಾಲಿಗಳನ್ನು ಹೇಗಾದರೂ ಜೆಎಲ್‌ಗೆ ಕೂರಿಸಬೇಕೆನ್ನುವವರಿಗಾಗಿ ಎರಡು ವೃತ್ತಗಳನ್ನು ಕೂಡಿಸುವ ದಪ್ಪ ಬಿಲ್ಲೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಬಿಲ್ಲೆಯ ದಪ್ಪ 32 ಮಿಲಿಮೀಟರೆಂದರೆ ಗಾಲಿಯೂ ಅಷ್ಟು ಹೊರಕ್ಕೆ ಹೋಗುತ್ತದೆ. ಒಂದು ಗಾಲಿಯ ಮೇಲೆ 500 ಕಿಲೋಗ್ರಾಂ ಭಾರವಿದ್ದರೆ ಹಬ್‌ನ ಬೇರಿಂಗನ್ನು ಬಾಗಿಸುವ ಸುಮಾರು 157 ನ್ಯೂಟನ್-ಮೀಟರಿನ ಹೆಚ್ಚಿನ ತಿರುಚು ಹಗಲಿರುಳೂ ಇರುತ್ತದೆ. ವಾಹನ ನಿಂತಾಗಲೂ ಅದು ತಪ್ಪದು. ಇಷ್ಟಾದ ಮೇಲೂ ಟಿಜೆಯ 15 ಇಂಚಿನ ಗಾಲಿ ಜೆಎಲ್‌ನ ಮುಂದಿನ ಬ್ರೇಕನ್ನು ಒಳಗೊಳ್ಳಲಾರದು. ಏಕೆಂದರೆ ಆ ಬ್ರೇಕಿನ ತಟ್ಟೆಯೇ ಸುಮಾರು 33 ಸೆಂಟಿಮೀಟರು ಅಗಲ. ಅದರ ಹೊರಗೆ ಅದನ್ನು ಹಿಡಿಯುವ ಇಕ್ಕಳದಂಥ ಭಾಗ ಬೇರೆ. ಹೊಸ ವಾಹನದ ಬ್ರೇಕು ದೊಡ್ಡದಾದುದು ಅಲಂಕಾರಕ್ಕಲ್ಲ. ಟಿಜೆ ಸುಮಾರು ಒಂದೂವರೆ ಟನ್ನಿನ ವಾಹನ, ನಾಲ್ಕು ಬಾಗಿಲಿನ ಭಾರವಾದ ಜೆಎಲ್ ಸುಮಾರು ಎರಡು ಟನ್ನಿನದು. ನಿಲ್ಲಿಸಬೇಕಾದ ಚಲನಶಕ್ತಿ ತೂಕದೊಡನೆ ಏರುತ್ತದೆ, ವೇಗದ ವರ್ಗದೊಡನೆ ಇನ್ನೂ ಏರುತ್ತದೆ. ಹಗುರ ವಾಹನಕ್ಕೆಂದು ಎರಕ ಹೊಯ್ದ ಗಾಲಿಯ ಮೇಲೆ ಭಾರವಾದ ವಾಹನವನ್ನು ನಿಲ್ಲಿಸುವುದೂ ಅಷ್ಟೇ ಅವಿಚಾರ.

ಹಾಗಾದರೆ ಹಳೆಯ ಗಾಲಿ ಎಂದಿಗೂ ಸಲ್ಲದೆ? ಸಲ್ಲುತ್ತದೆ. ಜೆಕೆಯ 17 ಇಂಚಿನ ಗಾಲಿಯನ್ನು ಜೆಎಲ್‌ಗೆ ಹಾಕಬಹುದು. ಎರಡರಲ್ಲಿಯೂ ವೃತ್ತ 127 ಮಿಲಿಮೀಟರು, ನಡುರಂಧ್ರ 71.5. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಜೆಕೆಯ ಬೋಲ್ಟು ಅರ್ಧ ಇಂಚಿನದು, ಜೆಎಲ್‌ನದು 14 ಮಿಲಿಮೀಟರಿನದು. ಹಳೆಯ ನಟ್ಟು ಹೊಸ ಬೋಲ್ಟಿಗೆ ಬಾರದು. ಹೊಸ ವಾಹನದ ನಟ್ಟನ್ನೇ ಹಾಕಬೇಕು. ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ತಯಾರಾಗುವ ಲಘುವಾಹನಗಳಲ್ಲೆಲ್ಲ ಟೈರಿನ ಗಾಳಿ ಇಳಿದುದನ್ನು ತಿಳಿಸುವ ಸಾಧನ ಕಡ್ಡಾಯವಾಗಿದೆ. ಗಾಲಿ ಬದಲಿಸುವಾಗ ಒಳಗಿನ ಆ ಸಾಧನವನ್ನೂ ಮರೆಯಬಾರದು. ಅಳೆದು ನೋಡಿದವನಿಗೆ ಈ ಅದಲುಬದಲು ನಿರಾತಂಕವಾದುದು. ನಮ್ಮ ವಾದ ಇಷ್ಟೇ: ಟಿಜೆಗೂ ಜೆಕೆಗೂ ಇರುವ ಈ ಭೇದವನ್ನು ಕಣ್ಣು ತಿಳಿಸಲಾರದು, ಕಂಪೆನಿಯ ಹೆಸರು ತಿಳಿಸಲಾರದು; ಮಾಪಕ ತಿಳಿಸುತ್ತದೆ.

"ಇಷ್ಟು ದಿನ ಓಡಿಸಿದೆವು, ಏನೂ ಆಗಲಿಲ್ಲ" ಎನ್ನುವವರೂ ಉಂಟು. ಇದಕ್ಕೆ ಲೋಹಶಾಸ್ತ್ರವೇ ಉತ್ತರ ಕೊಡುತ್ತದೆ. ಗಾಲಿ ಒಂದು ಸುತ್ತು ತಿರುಗಿದರೆ ಅದರ ಪ್ರತಿಯೊಂದು ಭಾಗವೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಸುತ್ತಳತೆ 2 ಮೀಟರಾದರೆ ಕಿಲೋಮೀಟರಿಗೆ 500 ಸುತ್ತು. ಒಂದು ಲಕ್ಷ ಕಿಲೋಮೀಟರಿಗೆ ಐದು ಕೋಟಿ ಸುತ್ತು. ಉಕ್ಕಿಗೆ ಒಂದು ಮಿತಿಯುಂಟು; ಅದಕ್ಕಿಂತ ಕಡಮೆ ಒತ್ತಡವನ್ನು ಅದು ಬಹುಮಟ್ಟಿಗೆ ಎಷ್ಟು ಬಾರಿಯಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಅವುಗಳ ದಣಿವು ಸಂಚಿತವಾಗುತ್ತ ಹೋಗುತ್ತದೆ. ಗುಜರಿ ಅಂಗಡಿಯ ಗಾಲಿ ತನ್ನ ಆಯುಸ್ಸಿನ ಎಷ್ಟು ಕೋಟಿ ಸುತ್ತುಗಳನ್ನು ಕಳೆದು ಬಂದಿದೆ, ಎಷ್ಟು ಹಳ್ಳಗಳಲ್ಲಿ ಬಿದ್ದೆದ್ದಿದೆ ಎಂಬುದನ್ನು ಮೇಲಿನ ಬಣ್ಣ ಹೇಳುವುದಿಲ್ಲ. ಬದಲಾಗಿ, ಇದ್ದ ಬಿರುಕನ್ನು ಮುಚ್ಚಿಬಿಡುತ್ತದೆ. ಆದುದರಿಂದ ಬಣ್ಣ ಬಳಿಯುವ ಮೊದಲು, ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವದಿಂದ ಪರೀಕ್ಷೆ ಮಾಡಿಸುವುದು ಲೇಸು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಆದರೆ ದಂಡದ ಭಯವೊಂದರಿಂದಲೇ ಬುದ್ಧಿ ಬರಬೇಕಾಗಿಲ್ಲ. ರಸ್ತೆಯಲ್ಲಿ ಕಳಚಿದ ಗಾಲಿ ಅದನ್ನು ಹಾಕಿಸಿದವನನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಅದು ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗನ ಕಡೆಗೂ ಉರುಳಬಹುದು.

ತಯಾರಕರಿಗೂ ನಮ್ಮದೊಂದು ಮಾತಿದೆ. ಜನರು ಹಳೆಯ ಅಂದವನ್ನು ಬಯಸುತ್ತಾರೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಅಮೆರಿಕದ ಫೋರ್ಡ್ ಕಂಪೆನಿಯ ಬ್ರಾಂಕೊ ಎಂಬ ವಾಹನ 1966ರ ಮಾದರಿಯಾಗಿ ಬಂದಾಗ ಅದರಲ್ಲಿ ಐದು ಬೋಲ್ಟುಗಳಿದ್ದವು. 2021ರ ಹೊಸ ಬ್ರಾಂಕೊದಲ್ಲಿ ಆರು. ವೃತ್ತ ಎರಡರಲ್ಲಿಯೂ 139.7 ಮಿಲಿಮೀಟರೇ ಆದರೂ ಒಂದರ ಗಾಲಿ ಇನ್ನೊಂದಕ್ಕೆ ಬಾರದು. ಇದನ್ನು ಬಲ್ಲ ಕಂಪೆನಿಯವರು 2023ರ ಮಾದರಿಯಲ್ಲಿ, ಹಳೆಯ ಬಿಳಿಯ ಗಾಲಿಯ ರೂಪವನ್ನು ನೆನಪಿಗೆ ತರುವ 17 ಇಂಚಿನ ಗಾಲಿಯನ್ನು ಹೊಸ ವಾಹನಕ್ಕೆಂದೇ ಎಣಿಕೆ ಹಾಕಿ ತಯಾರಿಸಿದರು. ರೂಪ ಹಳೆಯದು, ಲೆಕ್ಕ ಹೊಸದು. ಇದೇ ಸರಿಯಾದ ಮಾರ್ಗವೆಂದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲದೆ, ಮೇಲೆ ಹೇಳಿದ ಐದು ಅಳತೆಗಳನ್ನು ಪ್ರತಿಯೊಂದು ಗಾಲಿಯ ಹಿಂಬದಿಯಲ್ಲಿ ಅಳಿಸದಂತೆ ಅಚ್ಚೊತ್ತಿ, ವಾಹನದೊಡನೆ ಕೊಡುವ ಕೈಪಿಡಿಯ ಒಂದೇ ಪುಟದಲ್ಲಿ ಮುದ್ರಿಸಿದರೆ ಎಷ್ಟೋ ಊಹಾಪೋಹಗಳು ತಪ್ಪಿಯಾವು. ಇಂದು ಕೆಲವು ಅಂಕಿಗಳು ಗಾಲಿಯ ಮೇಲೆ ಇರುತ್ತವೆ, ಕೆಲವು ಇರುವುದಿಲ್ಲ. ಐದು ಅಂಕಿಗಳನ್ನು ಒತ್ತಲು ತಗಲುವ ವೆಚ್ಚ ಅತ್ಯಲ್ಪ.

ನಮ್ಮ ವಿದ್ಯಾರ್ಥಿಯು ಮರುದಿನವೇ ತನ್ನ ಕಾರಿಗೆ ಅದರದೇ ಗಾಲಿಗಳನ್ನು ತೊಡಿಸಿದನು. ಹಳೆಯ ನಾಲ್ಕರಲ್ಲಿ ಒಂದನ್ನು ನಮ್ಮ ಪ್ರಯೋಗಶಾಲೆಗೆ ಕೊಟ್ಟಿದ್ದಾನೆ. ಗೋಳದ ಕುಳಿಗಳಲ್ಲಿ ಶಂಕುವಿನ ನಟ್ಟು ಕೊರೆದ ಹೊಳೆಯುವ ಗೆರೆಗಳು ಅದರಲ್ಲಿ ಈಗಲೂ ಕಾಣುತ್ತವೆ. ಈ ವರ್ಷ ಮೊದಲ ತರಗತಿಗೆ ಸೇರಿದ ವಿದ್ಯಾರ್ಥಿಗಳಿಗೆ ವರ್ನಿಯರ್ ಮಾಪಕದ ಮೊದಲ ಅಭ್ಯಾಸವನ್ನು ನಾವು ಆ ಗಾಲಿಯ ಮೇಲೆಯೇ ಮಾಡಿಸುತ್ತಿದ್ದೇವೆ. ಮನೆಯಲ್ಲಿ ವಾಹನವಿರುವ ವಾಚಕರೂ ಒಂದು ಅಳತೆಪಟ್ಟಿಯನ್ನು ಹಿಡಿದು ಹೊರಗೆ ಹೋಗಿ ಪಕ್ಕಪಕ್ಕದ ಎರಡು ಬೋಲ್ಟುಗಳ ದೂರವನ್ನು ಅಳೆದುನೋಡಲಿ. ಬೋಲ್ಟುಗಳು ಐದಾಗಿದ್ದರೆ ಭಾಗಿಸಬೇಕಾದ ಸಂಖ್ಯೆ ಯಾವುದೆಂದು ಈಗ ಅವರಿಗೆ ಗೊತ್ತಿದೆ. ನಾಲ್ಕಾಗಿದ್ದರೆ ಯಾವುದೆಂಬುದನ್ನು ಅವರೇ ಕಂಡುಹಿಡಿಯಲಿ.